ಅಪ್‌ಡೇಟ್: ಬೈಕು ತಡವರಿಸುವುದು ನಿಂತಿತು
ಸಿಗ್ನಲ್‌ನಿಂದ ಹೊರಡುವಾಗ ಆಕ್ಸಿಲರೇಟರ್ ಕೊಟ್ಟ ಕೂಡಲೇ ನನ್ನ ಹಳೆಯ ಬೈಕು ಉಸಿರುಗಟ್ಟಿದಂತೆ ತಡವರಿಸುತ್ತದೆ ಎಂದು ಕಳೆದ ವಾರ ಕೇಳಿದ್ದೆ. ಸ್ಪಾರ್ಕ್ ಪ್ಲಗ್ ಬದಲಿಸಿದ್ದರಿಂದಾಗಲಿ, ಏರ್ ಫಿಲ್ಟರ್ ಸ್ವಚ್ಛಗೊಳಿಸಿದ್ದರಿಂದಾಗಲಿ ಪ್ರಯೋಜನವಾಗಲಿಲ್ಲ. ಪೆಟ್ರೋಲು-ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬ್ಯುರೇಟರ್‌ನ ಪೈಲಟ್ ಜೆಟ್ (ಆಕ್ಸಿಲರೇಟರ್ ಕಡಿಮೆಯಿದ್ದಾಗ ಪೆಟ್ರೋಲು ಹಾಯಿಸುವ ಸಣ್ಣ ರಂಧ್ರದ ಬಿಡಿಭಾಗ) ಬಿಚ್ಚಿ ನೋಡಿ ಎಂದು ಹಿರಿಯರೊಬ್ಬರು ಕೊಟ್ಟ ಸಲಹೆಯೇ ಫಲಿಸಿತು. ಅವರಿಗೆ ನಾನು ಋಣಿ. ಜೆಟ್ಟನ್ನು ಬಿಸಿಲಿಗೆ ಹಿಡಿದಾಗ ಅದರ ರಂಧ್ರದಲ್ಲಿ ಸೂಜಿಮೊನೆಯಷ್ಟು ಬೆಳಕೂ ತೂರಿಬರಲಿಲ್ಲ, ಒಣಗಿದ ಪೆಟ್ರೋಲಿನ ಅಂಟು ಅಷ್ಟು ಕಟ್ಟಿಕೊಂಡಿತ್ತು. ರಂಧ್ರ ಹಿಗ್ಗೀತೆಂದು ತಂತಿ ಚುಚ್ಚದೆ, ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದ ಕಾರ್ಬ್ ಕ್ಲೀನರ್‌ನಲ್ಲೇ ತೊಳೆದೆ.

ನನಗೆ ಗೊತ್ತಿರದಿದ್ದ ಸಂಗತಿಯೆಂದರೆ, ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲಿಗೆ ಬೆರೆಯುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಏರ್ ಸ್ಕ್ರೂವನ್ನು ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆಯೇ ಹೊಂದಿಸಬೇಕು. ಬೆಳಗಿನ ತಣ್ಣನೆಯ ಎಂಜಿನ್‌ನಲ್ಲಿ ನಾನು ಮಾಡಿದ್ದ ಹೊಂದಾಣಿಕೆ ಯಶವಂತಪುರ ತಲುಪುವಷ್ಟರಲ್ಲಿ ತಪ್ಪಿಹೋಗಿತ್ತು. ಈಗ ಪೂರ್ತಿ ಮುಚ್ಚಿ 2 ಸುತ್ತು ಬಿಚ್ಚಿದ ಸ್ಥಾನದಲ್ಲಿ ನನ್ನ ಬೈಕು ಹೆಬ್ಬಾಳದ ಮೇಲ್ಸೇತುವೆಯನ್ನು ಸಲೀಸಾಗಿ ಏರುತ್ತಿದೆ.