ಸಹಾಯ ಬೇಕು: ಮನೆಯಲ್ಲಿ ಲೈಸೆನ್ಸ್ ಬಂದೂಕು ಇರುವವರು ಮಾತಾಡ್ತೀರಾ? (ಬಳ್ಳಾರಿ)

ನಮಸ್ಕಾರ. ಬಳ್ಳಾರಿಯಲ್ಲಿ ಸಮುದಾಯ ವೈದ್ಯಕೀಯ ಪಿಜಿ ಓದುತ್ತಿದ್ದೇನೆ. ಬಂದೂಕಿನ ಸಾವು-ನೋವನ್ನು ಸಾರ್ವಜನಿಕ ಆರೋಗ್ಯದ ವಿಷಯವಾಗಿ ನೋಡುವ ಸಂಶೋಧನೆ ಬಗ್ಗೆ ಸೆಮಿನಾರ್ ಇದೆ. ಅಮೆರಿಕದಲ್ಲಿ 1996ರ ಡಿಕಿ ತಿದ್ದುಪಡಿ (ಬಂದೂಕು ನಿಯಂತ್ರಣದ ಪರ ಪ್ರಚಾರಕ್ಕೆ ಸಿಡಿಸಿಯ ದುಡ್ಡು ಬಳಸಬಾರದು ಅನ್ನುವ ನಿಯಮ) ಬಂದ ಮೇಲೆ ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಇಂಥ ಸಂಶೋಧನೆಗೆ ದುಡ್ಡು ಕೊಡುವುದನ್ನೇ ಹೆಚ್ಚುಕಮ್ಮಿ ನಿಲ್ಲಿಸಿತು. ಕೊನೆಗೆ 2020ರ ಬಜೆಟ್‌ನಲ್ಲಿ ಸಿಡಿಸಿ, ಎನ್‌ಐಎಚ್ (ಅಲ್ಲಿನ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ) ಎರಡಕ್ಕೂ ಸೇರಿ 2.5 ಕೋಟಿ ಡಾಲರ್ ಸಿಕ್ಕಿತು. ಅಷ್ಟು ವರ್ಷ ಸುಮ್ನೆ ಹೋಯಿತಲ್ಲ ಅಂತ ಸಂಕಟವಾಗುತ್ತದೆ.

ಸಂಡೂರು, ಸಿರುಗುಪ್ಪ ಕಡೆ ಬೆಳೆ ಕಾಯಲು ಲೈಸೆನ್ಸ್ ಪಡೆದವರು ಇದ್ದೀರಾ? ಚುನಾವಣೆ ಬಂದಾಗ ಠಾಣೆಗೆ ಜಮಾ ಮಾಡ್ತೀರಿ, ಸರಿ. ಉಳಿದ ದಿನ ಎಲ್ಲಿಡುತ್ತೀರಿ? ಗೋಡೆಯ ಮೊಳೆಗಾ, ಬೀರುವಿನೊಳಗಾ? ತೋಟಾ ಬೇರೆ ಕಡೆ ಇರುತ್ತಾ? ಬೀಗದ ಕೈ ಯಾರ ಹತ್ತಿರ? ಮನೆಯಲ್ಲಿ ಬಂದೂಕು ಸುಲಭವಾಗಿ ಕೈಗೆ ಸಿಕ್ಕರೆ ಆತ್ಮಹತ್ಯೆಯ ಸಾವಿನ ಅಪಾಯ ಜಾಸ್ತಿ ಅಂತ ಅಧ್ಯಯನಗಳು ತೋರಿಸಿವೆ. ಅದಕ್ಕೇ ಇಷ್ಟು ಕೇಳುತ್ತಿದ್ದೇನೆ. ಹೆಸರು, ಊರು ಹೇಳಬೇಕಿಲ್ಲ. ಇನ್‌ಬಾಕ್ಸ್‌ಗೆ ಬರೆಯಿರಿ ಅಣ್ಣ, ಅಕ್ಕ.