ಅಪ್ಪನ ಅಂಬಾಸಿಡರ್ ಎಂಜಿನ್ ತೆಗೆದು 1955ರ ಎಂಜಿ ರೇಸ್ ಗಾಡಿ ಕಟ್ಟಬೇಕು ಅಂತಿದೆ: ಬಿಚ್ಚಲಾ, ಬೇಡವಾ?

ಕಪನೂರ ಲೇಥ್:
ಎಲ್ಲರಿಗೂ ನಮಸ್ಕಾರ ರೀ. ಕಲಬುರಗಿಯ ಕಪನೂರ ಇಂಡಸ್ಟ್ರಿಯಲ್ ಏರಿಯಾದಲ್ಲಿ ನನ್ನದೊಂದು ಲೇಥ್ ಅಂಗಡಿ ಇದೆ. ಎರಡು ವರ್ಷದಿಂದ ರಾತ್ರಿ ಹೊತ್ತು ಒಂದೇ ಕೆಲಸ. ಬ್ರಿಟನ್‌ನ ಎಂಜಿ ಕಂಪನಿಯ ಇಎಕ್ಸ್ 182 ಅನ್ನೋ ರೇಸ್ ಗಾಡಿಯನ್ನು ಕೈಯಿಂದಲೇ ಕಟ್ಟುತ್ತಿದ್ದೇನೆ.

1955ರ ಜೂನ್‌ನಲ್ಲಿ ಫ್ರಾನ್ಸ್‌ನ ಲೆ ಮಾನ್‌ನ 24 ತಾಸಿನ ರೇಸಿಗೆ ಎಂಜಿಯವರು ಇಂಥ ಮೂರು ಗಾಡಿ ಇಳಿಸಿದ್ದರು. ಒಂದು ಅಪಘಾತದಲ್ಲಿ ಹೋಯಿತು. ಉಳಿದೆರಡು 12ನೇ ಮತ್ತು 17ನೇ ಸ್ಥಾನಕ್ಕೆ ಬಂದವು. ಅದೇ ಸೆಪ್ಟೆಂಬರ್‌ನಲ್ಲಿ ಅದೇ ಆಕಾರ ಎಂಜಿಎ ಅಂತ ಮಾರಾಟಕ್ಕೆ ಬಂತು. ಎಂಜಿಎ ಒಂದು ಲಕ್ಷದ ಮೇಲೆ ತಯಾರಾಗಿವೆ, ಅದರ ಮೈ ಬಹುಪಾಲು ಉಕ್ಕಿನದು. ನನಗೆ ಬೇಕಾಗಿದ್ದು ಪೂರ್ತಿ ಅಲ್ಯೂಮಿನಿಯಂ ಮೈಯ ಆ ರೇಸ್ ಗಾಡಿ. ಮುಂದಿನ ಮಡ್‌ಗಾರ್ಡಿನಿಂದ ಬಾಗಿಲ ತನಕ ಇಳಿದು ಮತ್ತೆ ಹಿಂದೆ ಏಳುವ ಆ ಗೆರೆ ಇದೆಯಲ್ಲ, ಅದನ್ನು ನೋಡಿದಷ್ಟೂ ಸಾಲದು.

ಅದರ ಎಂಜಿನ್ ಎಂಜಿಯ ಮಾಲೀಕ ಕಂಪನಿ ಬಿಎಂಸಿಯ ಬಿ ಸೀರೀಸ್, 1489 ಸಿಸಿ. ನಮ್ಮ ಹಳೇ ಪೆಟ್ರೋಲ್ ಅಂಬಾಸಿಡರ್‌ನದೂ ಅದೇ ಮನೆತನ! ಅಪ್ಪ ಗಂಜ್‌ನಲ್ಲಿ ತೊಗರಿ ದಲ್ಲಾಳಿ ಆಗಿದ್ದರು. ಅವರ 1974ರ ಅಂಬಾಸಿಡರ್ ಮನೆ ಹಿಂದೆ ಬೇವಿನ ಮರದ ಕೆಳಗೆ ನಿಂತಿದೆ. ಅಪ್ಪ ತೀರಿಕೊಂಡ ಮೇಲೆ ಯಾರೂ ಓಡಿಸಿಲ್ಲ. ಅದರ ಎಂಜಿನ್ ತೆಗೆಯಲು ಎರಡು ಸಲ ಪಾನಾ ಹಿಡಿದು ಹೋದೆ. ಎರಡು ಸಲವೂ ಸುಮ್ನೆ ಬಾನೆಟ್ ಮುಚ್ಚಿ ಬಂದೆ. ಅವ್ವ ಏನೂ ಅನ್ನಲ್ಲ, ಅದೇ ಕಷ್ಟ.

ಇನ್ನೊಂದು ತೊಂದರೆ. ಪೈಪಿನ ಚಾಸಿ ಆಗಿದೆ, ಪ್ಲೈವುಡ್ ಅಚ್ಚು ಆಗಿದೆ. ಆದರೆ ಎಡಗಡೆ ಮಡ್‌ಗಾರ್ಡಿನ ತಗಡು ಬಡಿಯುತ್ತಾ ಹೋದಂತೆ ಬಿರುಸಾಗಿ ಅಂಚಲ್ಲಿ ಸೀಳಿತು. ಮೆತ್ತಗೆ ಮಾಡೋಣ ಅಂತ ಗ್ಯಾಸ್ ಹಿಡಿದೆ. ಕೆಂಪಾಗಲಿ ಅಂತ ಕಾಯುತ್ತಿದ್ದೆ, ತೂತೇ ಬಿತ್ತು. ಹನ್ನೊಂದು ದಿನದ ಕೆಲಸ. ಆ ರಾತ್ರಿ ಊಟ ಸೇರಲಿಲ್ಲ. ತಿಳಿದವರು ಹೇಳ್ರಿ.

ಶಹಾಬಾದ್ ಕಾಕಾ:
ತಮ್ಮಾ, ಅಲ್ಯೂಮಿನಿಯಂ ಕೆಂಪಾಗುವುದಿಲ್ಲ. ಬಣ್ಣ ತೋರಿಸದೆಯೇ ಸುಮಾರು 660 ಡಿಗ್ರಿಗೆ ಕರಗಿ ಬೀಳುತ್ತದೆ. ಕಬ್ಬಿಣ ಕಾಯಿಸಿ ರೂಢಿ ಇದ್ದವರೆಲ್ಲ ಇಲ್ಲೇ ಮೋಸ ಹೋಗುತ್ತಾರೆ. ನಾನೂ ಮೊದಲ ತಗಡು ಹಾಗೇ ಕಳೆದುಕೊಂಡವನು.

ಬಟ್ಟೆ ಸೋಪು ತಗೋ. ತಗಡಿನ ಮೇಲೆ ಒಣದಾಗಿ ಗೆರೆ ಎಳಿ. ಮೆತ್ತನೆ ಉರಿಯನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಕಾಯಿಸು. ಸೋಪಿನ ಗೆರೆ ಕಂದು ಆಗಿ ಕಪ್ಪಿಗೆ ತಿರುಗಿತು ಅಂದರೆ ಸಾಕು, ಉರಿ ತೆಗಿ. ತಣ್ಣಗಾದ ಮೇಲೆ ಮತ್ತೆ ಬಡಿ. ಬಡಿದಷ್ಟೂ ಅದು ಬಿರುಸಾಗುತ್ತದೆ, ಸದ್ದು ಬದಲಾದಾಗ ಮತ್ತೆ ಕಾಯಿಸಬೇಕು. ಒಂದು ಮಡ್‌ಗಾರ್ಡಿಗೆ ಮೂರ್ನಾಲ್ಕು ಸಲ ಆಗಬಹುದು, ಬೇಜಾರು ಮಾಡ್ಕೋಬೇಡ. ಮರಳಿನ ಚೀಲದ ಮೇಲೆ ಮರದ ಕೊಡತಿಯಿಂದ ಉಬ್ಬು ತೆಗಿ, ಕಬ್ಬಿಣದ ಸುತ್ತಿಗೆ ಹತ್ತಿರ ತರಬೇಡ. ಮತ್ತೆ ಮಧ್ಯಾಹ್ನದ ಬಿಸಿಲಲ್ಲಿ ಶೆಡ್‌ನಲ್ಲಿ ಈ ಕೆಲಸ ಬೇಡ. ಕೈ ಸುಟ್ಟು ಅವಸರ ಆಗುತ್ತದೆ. ಬೆಳಿಗ್ಗೆ ಐದಕ್ಕೆ ಏಳು.

ತಗಡನ್ನು ಉಕ್ಕಿನ ಪೈಪಿಗೆ ನೇರ ತಾಗಿಸಬೇಡ. ನಡುವೆ ರಬ್ಬರ್ ಪಟ್ಟಿ ಇಡು. ಇಲ್ಲದಿದ್ದರೆ ಮಳೆಗಾಲದಲ್ಲಿ ಸೇರಿದ ಕಡೆಯಲ್ಲೆಲ್ಲ ಬಿಳಿ ಪುಡಿ ಏಳುತ್ತದೆ.

ಬೀದರ್ ಗ್ಯಾರೇಜ್:
ಅಣ್ಣಾ, ಅಪ್ಪಾವ್ರ ಗಾಡಿ ಮುಟ್ಟಬೇಡ. ಹೈದರಾಬಾದ್ ಗುಜರಿಯಲ್ಲಿ ಬಿ ಸೀರೀಸ್ ಎಂಜಿನ್ ಹುಡುಕೋಣ, ನಾನೂ ಜೊತೆಗೆ ಬರ್ತೇನೆ. ಒಂದೇ ಎಚ್ಚರ: ಅಂಬಾಸಿಡರ್ ಡೀಸೆಲ್ ಎಂಜಿನ್ ಕೂಡ 1489 ಸಿಸಿಯೇ. ನಂಬರ್ ನೋಡಿ ತರಬೇಡ, ಸ್ಪಾರ್ಕ್ ಪ್ಲಗ್ ಇದೆಯಾ ನೋಡಿ ತಾ, ಡೀಸೆಲ್‌ಗೆ ಅದು ಇರೋದಿಲ್ಲ.

ಬ್ಲಾಕ್ ಸಿಕ್ಕ ಮಾತ್ರಕ್ಕೆ ಎಂಜಿ ಆಗೋದಿಲ್ಲ. ಅಂಬಾಸಿಡರ್ ಸುಮಾರು 50 ಹಾರ್ಸ್ ಪವರ್, ಎಂಜಿಎ ಮೊದಲು 68, ಆಮೇಲೆ 72. ಎರಡು ಎಸ್‌ಯು ಕಾರ್ಬೊರೇಟರ್, ಬೇರೆ ಹೆಡ್, ಬೇರೆ ಕ್ಯಾಮ್ ಬೇಕು. ಗೇರ್ ಲಿವರ್ ಸ್ಟೇರಿಂಗ್ ಹತ್ತಿರದಿಂದ ಕೆಳಗೆ ಬರಬೇಕು. ಅದು ಲೇಥ್ ಇರುವ ನಿನಗೆ ಆಗುವ ಕೆಲಸವೇ.

ಚಾಸಿ ಬಗ್ಗೆ ಒಂದು ಕೇಳಬೇಕು. ಸೀಟು ಪೈಪಿನ ಮೇಲಿದೆಯಾ, ಎರಡು ಪೈಪಿನ ನಡುವೆ ಕೆಳಗಿದೆಯಾ? 1951ರಲ್ಲಿ ಎಂಜಿಯ ಎಂಜಿನಿಯರ್ ಸಿಡ್ ಎನೆವರ್, ಟಿಡಿ ಅನ್ನೋ ಎಂಜಿ ಮಾಡೆಲ್‌ನ ಚಾಸಿ ಮೇಲೆ ಒಂದು ರೇಸ್ ಗಾಡಿ ಮಾಡಿದರು. ಮೈ ಚೆಂದ ಇತ್ತು, ಡ್ರೈವರ್ ಮಾತ್ರ ಎತ್ತರದಲ್ಲಿ ಗಾಳಿಗೆ ಸಿಕ್ಕು ಕೂತ. ಅದಕ್ಕೇ ಮುಂದಿನ ಗಾಡಿಗೆ ಚಾಸಿಯ ಎರಡು ಉದ್ದ ಪಟ್ಟಿಗಳನ್ನು ಹೊರಕ್ಕೆ ಸರಿಸಿ ಡ್ರೈವರ್‌ನನ್ನು ನಡುವೆ ಇಳಿಸಿದರು. ನಿನಗೆ ಇಷ್ಟವಾದ ಆ ಗೆರೆ ನಿಂತಿರೋದೇ ಇದರ ಮೇಲೆ.

ಯಾದಗಿರಿ ವಕೀಲ:
ಒಂದು ಮಾತು ಈಗಲೇ ಹೇಳಿಬಿಡ್ತೇನೆ. ಅಂಬಾಸಿಡರ್ ಆರ್‌ಸಿ ಇಟ್ಟುಕೊಂಡು ಈ ಗಾಡಿ ರಸ್ತೆಗೆ ತರಲು ಆಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಮಾಡಿದ ಗಾಡಿಯ ಮೂಲ ರೂಪ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಖಾಸಗಿ ಜಾಗದಲ್ಲಿ ಓಡಿಸಿ, ಟ್ರೇಲರ್ ಮೇಲೆ ಸಾಗಿಸಿ.

ಆದರೆ 1974ರ ಗಾಡಿ ಅಂದರೆ 50 ವರ್ಷ ದಾಟಿದೆ, ಅಲ್ವಾ? 2021ರ ನಿಯಮದಲ್ಲಿ ಅದಕ್ಕೆ ವಿಂಟೇಜ್ ನೋಂದಣಿ ಕೇಳಬಹುದು, ಮೂಲ ರೂಪದಲ್ಲಿ ಇದ್ದರೆ. ಎಂಜಿನ್ ಕಿತ್ತರೆ ಆ ದಾರಿಯೂ ಹೋಗುತ್ತದೆ.

ಕಪನೂರ ಲೇಥ್:
ವಕೀಲ್ ಸಾಹೇಬ್ರೇ, ವಿಂಟೇಜ್ ವಿಷಯ ನನಗೆ ಹೊಳೆದೇ ಇರಲಿಲ್ಲ. ಅವ್ವನಿಗೆ ಓದಿ ಹೇಳಿದೆ. ಆರ್‌ಸಿ ಪುಸ್ತಕ ಆಕೆಯೇ ಟ್ರಂಕಿನಿಂದ ತೆಗೆದು ಕೊಟ್ಟಳು, ಪ್ಲಾಸ್ಟಿಕ್‌ನಲ್ಲಿ ಸುತ್ತಿಟ್ಟಿದ್ದಳು. ಅಪ್ಪನ ಗಾಡಿ ಬಿಚ್ಚುವುದಿಲ್ಲ.

ಬೀದರ್ ಅಣ್ಣಾ, ಸೀಟು ಪೈಪಿನ ಮೇಲೇ ಇದೆ. ನಿನ್ನೆ ಕೂತು ನೋಡಿದೆ, ಭುಜ ಬಾಗಿಲ ಅಂಚಿಗಿಂತ ಒಂದು ಗೇಣು ಮೇಲೆ ಬರ್ತದೆ. ಫೋಟೋದಲ್ಲಿ ಏನೋ ಸರಿಯಿಲ್ಲ ಅನಿಸ್ತಿದ್ದದ್ದು ಇದೇ. ನಡುಭಾಗ ಕತ್ತರಿಸಿ ಮತ್ತೆ ಮಾಡ್ತೇನೆ. ಎರಡು ತಿಂಗಳು ಹಿಂದೆ ಹೋದಂತೆ, ಹೋಗಲಿ.

ಕಾಕಾ, ಸೋಪಿನ ಗೆರೆ ಕೆಲಸ ಮಾಡಿತು ರೀ. ತುಂಡು ತಗಡಿನ ಮೇಲೆ ಮೂರು ಸಲ ನೋಡಿದೆ, ಬಟ್ಟೆಯಂತೆ ಬಾಗಿತು. ಅಂಚು ಮಡಚುವಾಗ ಮಾತ್ರ ಸುಕ್ಕು ಬರ್ತಿದೆ. ಭಾನುವಾರ ಬೆಳಿಗ್ಗೆ ಅಚ್ಚು ತಗೊಂಡು ಶಹಾಬಾದಿಗೆ ಬರಲಾ?

ಶಹಾಬಾದ್ ಕಾಕಾ:
ಬಾ. ಕೊಡತಿ ನನ್ನ ಹತ್ತಿರ ಇದೆ. ತಗಡು ಎರಡು ಜಾಸ್ತಿ ತಾ.