ತರಗತಿಗೆ ಸ್ಮಾರ್ಟ್ ಬೋರ್ಡ್ ಬರುತ್ತಿದೆ, ಕಪ್ಪುಹಲಗೆ ತೆಗೆಯಬೇಕೇ? ಅನುಭವ ಇದ್ದವರು ಹೇಳಿ

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ನಮ್ಮ ತರಗತಿಗಳಿಗೆ ಸ್ಮಾರ್ಟ್ ಬೋರ್ಡ್ ಹಾಕಿಸುತ್ತಿದ್ದಾರೆ, ಕಪ್ಪುಹಲಗೆ ತೆಗೆಯುವ ಮಾತೂ ನಡೆದಿದೆ. ಓಎಚ್‌ಪಿ (ಪಾರದರ್ಶಕ ಹಾಳೆಯಲ್ಲಿ ಬರೆದದ್ದನ್ನು ಪರದೆಯ ಮೇಲೆ ದೊಡ್ಡದಾಗಿ ತೋರಿಸುವ ಓವರ್‌ಹೆಡ್ ಪ್ರೊಜೆಕ್ಟರ್) ಕಾಲದಿಂದ ಪಾಠ ಮಾಡಿದವರು ಇದ್ದರೆ ತಿಳಿಸಿ, ಬಂದುಹೋದ ಸಲಕರಣೆಗಳಲ್ಲಿ ಮಕ್ಕಳಿಗೆ ನಿಜಕ್ಕೂ ಉಪಯೋಗವಾಗಿದ್ದು ಯಾವುದು?

ನಿವೃತ್ತ ಜೀವಶಾಸ್ತ್ರ ಶಿಕ್ಷಕಿ: ಸರ್, ದಯವಿಟ್ಟು ಹಲಗೆ ತೆಗೆಯಲು ಬಿಡಬೇಡಿ. ಅದರ ಮೇಲೆ ಬರೆದದ್ದು ಅಳಿಸುವವರೆಗೂ ಅಲ್ಲೇ ಇರುತ್ತದೆ. ಮೂರನೇ ಹಂತದಲ್ಲಿ ಎಡವಿದ ಹುಡುಗಿ, ನೀವು ಏಳನೆಯದಕ್ಕೆ ಬಂದಾಗಲೂ ಹಿಂದಿನದರ ಮೇಲೆ ಕಣ್ಣಾಡಿಸಿ ಹಿಡಿದುಕೊಳ್ಳುತ್ತಾಳೆ. ಸೀಮೆಸುಣ್ಣದಲ್ಲಿ ನಾವು ಬರೆಯುವ ವೇಗಕ್ಕೂ ಮಕ್ಕಳು ನೋಟ್ಸಿಗೆ ಇಳಿಸಿಕೊಳ್ಳುವ ವೇಗಕ್ಕೂ ಹೊಂದಾಣಿಕೆ ಇತ್ತು.

ಓಎಚ್‌ಪಿ ಬಂದಾಗ ಮಕ್ಕಳ ಕಡೆ ಮುಖ ಮಾಡಿಕೊಂಡೇ ಬರೆಯಲು ಸಾಧ್ಯವಾಯಿತು. ಬಲ್ಬಿನ ಬಿಸಿ, ಫ್ಯಾನಿನ ಸದ್ದು ಇದ್ದವು, ಆದರೂ ನನಗೆ ಅತಿ ಪ್ರಿಯವಾದ ಸಲಕರಣೆ ಅದೇ. ಒಂದು ಪಾರದರ್ಶಕ ಹಾಳೆಯಲ್ಲಿ ಹೃದಯದ ನಾಲ್ಕು ಕೋಣೆಗಳು, ಅದರ ಮೇಲಿಡುವ ಎರಡನೆಯದರಲ್ಲಿ ಕವಾಟಗಳು, ಮೂರನೆಯದರಲ್ಲಿ ರಕ್ತ ಹರಿಯುವ ದಾರಿ. ಗೊಂದಲವಾಯಿತೆಂದರೆ ಮೇಲಿನ ಹಾಳೆ ಎತ್ತಿದರಾಯಿತು, ಬರೀ ಕೋಣೆಗಳು ಉಳಿಯುತ್ತಿದ್ದವು. ಪವರ್‌ಪಾಯಿಂಟ್‌ನಲ್ಲೂ ಹೀಗೆ ಮಾಡಬಹುದಿತ್ತು. ಆದರೆ ನಾನು ಕಂಡ ಬಹುಪಾಲು ತರಗತಿಗಳಲ್ಲಿ ಸಿದ್ಧ ಚಿತ್ರ ಒಂದೇ ಸಲಕ್ಕೆ ಪರದೆ ತುಂಬುತ್ತಿತ್ತು, ಮಕ್ಕಳು ಅರ್ಧ ಬಿಡಿಸುವಷ್ಟರಲ್ಲಿ ಮುಂದಿನ ಸ್ಲೈಡ್ ಬಂದಿರುತ್ತಿತ್ತು.

ಸ್ಮಾರ್ಟ್ ಬೋರ್ಡಿನಲ್ಲಿ ಆ ಹಳೆಯ ಗುಣ ಮರಳಿ ಪಡೆಯಬಹುದು. ಖಾಲಿ ಪುಟ ತೆರೆದು ಪೆನ್ನಿನಲ್ಲಿ ನೀವೇ ಬಿಡಿಸಿ. ಪುಟ ಉಳಿಸಿಟ್ಟು ಮರುದಿನ ಅಲ್ಲಿಂದಲೇ ಪಾಠ ಶುರುಮಾಡಿ. ಹಲಗೆಗಿಲ್ಲದ ಅನುಕೂಲ ಇದು. ವಿಡಿಯೊ ಹಾಕಿದರೆ ಮೊದಲು ಧ್ವನಿ ತೆಗೆದು ತೋರಿಸಿ, ನಡುವೆ ನಿಲ್ಲಿಸಿ, "ಈಗ ಏನಾಗುತ್ತೆ?" ಎಂದು ಕೇಳಿ.

ಕಂಪ್ಯೂಟರ್ ಶಿಕ್ಷಕ: ಮೇಡಂ ಹೇಳಿದ್ದು ಸರಿ. ನನ್ನದು ಇನ್ನೊಂದು ಮಾತು: ಸಲಕರಣೆ ಮಕ್ಕಳ ಕೈಗೆ ಸಿಗಬೇಕು. ನಮ್ಮ ಲ್ಯಾಬಿನಲ್ಲಿ ಒಂದು ಕಂಪ್ಯೂಟರಿಗೆ ನಾಲ್ವರು ಕೂರುತ್ತಿದ್ದ ಕಾಲದಲ್ಲಿ ಲೋಗೊ ಕಲಿಸುತ್ತಿದ್ದೆ. 1967ರಲ್ಲಿ ಮಕ್ಕಳಿಗಾಗಿಯೇ ರೂಪಿಸಿದ ಕಂಪ್ಯೂಟರ್ ಭಾಷೆ ಅದು. ಪರದೆಯ ಮೇಲಿನ ಆಮೆಗೆ 100 ಹೆಜ್ಜೆ ಮುಂದೆ ಹೋಗು, 90 ಡಿಗ್ರಿ ಬಲಕ್ಕೆ ತಿರುಗು ಎಂದು ನಾಲ್ಕು ಸಲ ಹೇಳಿದರೆ ಚೌಕ. ಈಗ ಸಮಬಾಹು ತ್ರಿಭುಜ ಬರೆಯಿರಿ ಅಂದರೆ, ಹೆಚ್ಚಿನವರು 60 ಡಿಗ್ರಿ ಕೊಡುತ್ತಿದ್ದರು. ಆಮೆ ಅರ್ಧ ಷಡ್ಭುಜ ಬರೆದು ನಿಂತುಬಿಡುತ್ತಿತ್ತು! ಆಗ ನಾಲ್ವರೂ ಎದ್ದು ನೆಲದ ಮೇಲೆ ನಡೆದು ನೋಡುತ್ತಿದ್ದರು. ತಿರುಗಬೇಕಾದ್ದು ಹೊರಕೋನ, 120 ಡಿಗ್ರಿ ಎಂದು ಅವರೇ ಕಂಡುಕೊಳ್ಳುತ್ತಿದ್ದರು. ಆಮೇಲೆ ಬಂದ ರೆಡಿಮೇಡ್ ಸಿ.ಡಿ. ಪಾಠಗಳಲ್ಲಿ ಚಿತ್ರಗಳು ಚೆನ್ನಾಗಿದ್ದವು, ಆದರೆ ಹಾಗೆ ಎದ್ದು ನಡೆಯುವಂತೆ ಮಾಡಿದ್ದು ಒಂದೂ ನೆನಪಿಲ್ಲ.

ಹಾಗಾಗಿ ಸರ್, ಸ್ಮಾರ್ಟ್ ಬೋರ್ಡಿನ ಪೆನ್ನು ದಿನಕ್ಕೆ ಕೆಲವು ಮಕ್ಕಳ ಕೈಗಾದರೂ ಹೋಗಲಿ. ಉಳಿದವರು ಸುಮ್ಮನೆ ಕೂರದಂತೆ ಅದೇ ಲೆಕ್ಕ ಪುಸ್ತಕದಲ್ಲಿ ಮಾಡಲಿ.

ಶಾಲಾ ಗ್ರಂಥಪಾಲಕಿ: ಆಡಳಿತದವರು "ಇನ್ನು ಹಳೆಯದು ಬೇಡ" ಅಂದರೆ ಈ ಎರಡು ಸಂಗತಿ ಹೇಳಿ. ಚಲನಚಿತ್ರ ಕೆಲವೇ ವರ್ಷಗಳಲ್ಲಿ ಪಠ್ಯಪುಸ್ತಕಗಳ ಜಾಗ ಹಿಡಿಯುತ್ತದೆ ಎಂದು ಎಡಿಸನ್ 1922ರಲ್ಲೇ ಹೇಳಿದ್ದರು. ಪುಸ್ತಕ ಇನ್ನೂ ಇದೆ. ಬೆರಳಿನಿಂದ ಮುಟ್ಟಿ ಉತ್ತರಿಸುವ ಪರದೆಯೂ ಹೊಸದಲ್ಲ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೊ ಎಂಬ ಕಂಪ್ಯೂಟರ್ ಪಾಠದ ವ್ಯವಸ್ಥೆಯಲ್ಲಿ 1970ರ ದಶಕದಲ್ಲೇ ಇತ್ತು. ಒಂದನ್ನು ತರಲು ಇನ್ನೊಂದನ್ನು ಕೀಳಲೇಬೇಕಿಲ್ಲ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಹಲಗೆ ಉಳಿಸಿಕೊಳ್ಳಲು ಮುಖ್ಯೋಪಾಧ್ಯಾಯರ ಹತ್ತಿರ ಮಾತಾಡುತ್ತೇನೆ. ಬೋರ್ಡನ್ನು ಎಲ್ಲಿ ಕೂರಿಸುವುದು?

ನಿವೃತ್ತ ಜೀವಶಾಸ್ತ್ರ ಶಿಕ್ಷಕಿ: ಹಲಗೆಯ ಮಧ್ಯಕ್ಕಂತೂ ಬೇಡ, ಬರೆಯುವ ಜಾಗ ಎರಡು ತುಂಡಾಗುತ್ತದೆ. ಒಂದು ಪಕ್ಕಕ್ಕೆ ಹಾಕಿಸಿ, ಕಿಟಕಿಯ ಬೆಳಕು ನೇರ ಬೀಳದಿರಲಿ. ಮೊಳೆ ಹೊಡೆಯುವ ಮೊದಲು ಕೊನೆಯ ಬೆಂಚಿನಲ್ಲಿ, ಎರಡೂ ತುದಿಗಳಲ್ಲಿ ಕೂತು ನೋಡಿ.